ಹತ್ತು ಫೇಲಾದವರ ಪಾಸ್‌ಪೋರ್ಟು



ಈ ದೇಶದಲ್ಲಿ ಎರಡು ಥರದ ಪಾಸ್‌ಪೋರ್ಟುಗಳಿವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಕಡುನೀಲಿ ರಟ್ಟು, ಅದೇ ಸಿಂಹದ ಮುದ್ರೆ, ಅದೇ ಸತ್ಯಮೇವ ಜಯತೆ. ಒಳಗೆ ತೆರೆದು ನೋಡಿ. ಒಂದರಲ್ಲಿ ಏನೂ ಇರೋದಿಲ್ಲ. ಇನ್ನೊಂದರಲ್ಲಿ ಮೂರು ಇಂಗ್ಲಿಷ್ ಅಕ್ಷರ ಕೂತಿರುತ್ತವೆ: ಇ.ಸಿ.ಆರ್. ಎಮಿಗ್ರೇಷನ್ ಚೆಕ್ ರಿಕ್ವೈರ್ಡ್. ಅಂದರೆ, ಈ ಮನುಷ್ಯ ಕೂಲಿಗೆಂದು ದೇಶ ಬಿಟ್ಟು ಹೊರಡುವ ಮುಂಚೆ ಸರ್ಕಾರ ಇವನನ್ನು ನಿಲ್ಲಿಸಿ ತಪಾಸಣೆ ಮಾಡಬೇಕು, ಅಪ್ಪಣೆ ಕೊಟ್ಟ ಮೇಲೆಯೇ ಇವನು ವಿಮಾನ ಹತ್ತಬೇಕು.

ಯಾರಿಗೆ ಹಾಕುತ್ತಾರೆ ಈ ಮುದ್ರೆ? ಕಳ್ಳನಿಗಾ? ಬ್ಯಾಂಕಿಗೆ ಸಾವಿರಾರು ಕೋಟಿ ನಾಮ ಹಾಕಿದವನಿಗಾ? ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ಎಂ.ಪಿ.ಗಳಿಗೆ ಕೊಡುವ ರಾಜತಾಂತ್ರಿಕ ಪಾಸ್‌ಪೋರ್ಟು ಹಿಡಿದುಕೊಂಡು ಲಂಡನ್ನಿಗೆ ಹೋದರು. ಅದಕ್ಕೆ ಕೆಲವು ತಿಂಗಳು ಹಿಂದೆಯಷ್ಟೇ ಸಿ.ಬಿ.ಐ. ಅವರ ಮೇಲಿದ್ದ ನೋಟೀಸನ್ನು ತಿದ್ದಿತ್ತು. ಮೊದಲು 'ಕಂಡರೆ ಹಿಡಿಯಿರಿ' ಎಂದಿದ್ದದ್ದು ಆಮೇಲೆ 'ಕಂಡರೆ ತಿಳಿಸಿ' ಎಂದಾಯಿತು. ಇಮಿಗ್ರೇಷನ್ ಕೌಂಟರಿನವರು ತಿಳಿಸಿದರು, ಸಾಹೇಬರು ಹಾರಿದರು. ಇ.ಸಿ.ಆರ್. ಮುದ್ರೆ ಅಂಥವರಿಗಲ್ಲ. ಅದು ಹತ್ತನೇ ಕ್ಲಾಸು ಪಾಸು ಮಾಡದವನಿಗೆ.

ಹಾಸ್ಟೆಲಿನ ಹುಡುಗ ಹುಡುಗಿಯರೇ, ಈ ವಿಷಯ ನಿಮಗೆ ಯಾಕೆ ಹೇಳ್ತಿದ್ದೀನಿ ಅಂದರೆ, ನೀವು ಎಸ್.ಎಸ್.ಎಲ್.ಸಿ. ದಾಟಿದವರು. ನಿಮ್ಮ ಪಾಸ್‌ಪೋರ್ಟಿನಲ್ಲಿ ಆ ಮುದ್ರೆ ಇರೋದಿಲ್ಲ. ಆದರೆ ನಿಮ್ಮ ಅಣ್ಣನದರಲ್ಲಿ ಇರುತ್ತೆ. ನಿಮ್ಮ ಅಕ್ಕನದರಲ್ಲಿ ಇರುತ್ತೆ. ದೇಶದ ಗಡಿ ಎಲ್ಲೋ ಕಾಶ್ಮೀರದಲ್ಲಿದೆ ಅಂತ ಪಾಠದಲ್ಲಿ ಓದಿದ್ದೇವೆ. ಒಂದು ಗಡಿ ನಮ್ಮ ಗುಡಿಸಲಿನ ಒಳಗೇ ಹಾದು ಹೋಗಿದೆ, ಒಂದೇ ತಟ್ಟೆಯಲ್ಲಿ ಉಂಡವರ ಮಧ್ಯೆ.

ಕಾನೂನು ಏನು ಹೇಳುತ್ತೆ ನೋಡೋಣ. 1983ರಲ್ಲಿ ಎಮಿಗ್ರೇಷನ್ ಆ್ಯಕ್ಟ್ ಅಂತ ಒಂದು ಕಾಯ್ದೆ ಮಾಡಿದರು. ಅದರ 22ನೇ ಕಲಮಿನ ಪ್ರಕಾರ, 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್' ಅಂದರೆ ವಲಸಿಗರ ರಕ್ಷಕ ಎಂಬ ಅಧಿಕಾರಿಯ ಅಪ್ಪಣೆ ಇಲ್ಲದೆ ಯಾರೂ ಕೆಲಸಕ್ಕೆಂದು ದೇಶ ಬಿಡುವ ಹಾಗಿಲ್ಲ. ಯಾವ ಕೆಲಸ? ಅದಕ್ಕೂ ಒಂದು ಪಟ್ಟಿ ಇದೆ. ಕೂಲಿ, ಬೇಸಾಯದ ಆಳು, ಮನೆಗೆಲಸ, ಲಾರಿ ಡ್ರೈವರು, ಮೆಕ್ಯಾನಿಕ್ಕು, ಹೋಟೆಲಿನವನು, ಚಾ ಅಂಗಡಿಯವನು. ಹೋಟೆಲಿನ ವಿಷಯಕ್ಕೆ ಬಂದಾಗ ಕಾಯ್ದೆ ಒಂದು ಮಾತು ಸೇರಿಸುತ್ತೆ: ಮ್ಯಾನೇಜರ್ ಕೆಲಸ ಬಿಟ್ಟು. ಗಲ್ಲಾದ ಹಿಂದೆ ಕೂತವನಿಗೆ ರಕ್ಷಣೆ ಬೇಡ, ಲೋಟ ತೊಳೆಯುವವನಿಗೆ ಬೇಕು. ಆಮೇಲೆ, ಇಂಥಿಂಥವರಿಗೆ ಈ ಕಾಟದಿಂದ ವಿನಾಯಿತಿ ಅಂತ ಇನ್ನೊಂದು ಪಟ್ಟಿ. ಹತ್ತು ಪಾಸಾದವರು, ಗೆಜೆಟೆಡ್ ಅಧಿಕಾರಿಗಳು ಎಲ್ಲ ಇದ್ದಾರೆ. ಹಿಂದೆ ಓದಿನ ಗೆರೆ ಇನ್ನೂ ಮೇಲಿತ್ತು, ಇಳಿಸಿ ಇಳಿಸಿ ಹತ್ತಕ್ಕೆ ತಂದಿದ್ದಾರೆ. ಇಷ್ಟೇ ಆಗಿದ್ದರೆ 'ಓದಿಲ್ಲದವನು ಮೋಸ ಹೋಗುತ್ತಾನೆ ಪಾಪ, ಅವನಿಗಾಗಿ ಮಾಡಿದ್ದಾರೆ' ಅಂತ ಒಪ್ಪಿಕೊಳ್ಳಬಹುದಿತ್ತು. ಆದರೆ ಆ ಪಟ್ಟಿಯಲ್ಲೇ ಇನ್‌ಕಮ್ ಟ್ಯಾಕ್ಸ್ ಕಟ್ಟುವವರೂ ಇದ್ದಾರೆ. ಹೆಬ್ಬೆಟ್ಟಿನ ಸಾಹುಕಾರನಾದರೂ ಸರಿ, ಟ್ಯಾಕ್ಸ್ ಕಟ್ಟಿದರೆ ಅವನ ಪಾಸ್‌ಪೋರ್ಟು ಮಡಿ. ಅವನ ಹೆಂಡತಿಯದೂ ಮಡಿ. ಅಲ್ಲಿಗೆ ಇದು ಅಕ್ಷರದ ಮಾತಲ್ಲ, ಜೇಬಿನ ಮಾತು ಅಂತ ಗೊತ್ತಾಯ್ತಲ್ಲ?

ಈ ಅಪ್ಪಣೆ ಬೇಕಿರುವುದು 18 ದೇಶಗಳಿಗೆ ಮಾತ್ರ. ಸೌದಿ, ಕುವೈತ್, ಕತಾರ್, ಓಮನ್, ಬಹರೈನ್, ದುಬೈ ಇರುವ ಎಮಿರೇಟ್ಸು, ಇರಾಕ್, ಲಿಬಿಯಾ, ಮಲೇಶಿಯಾ, ಸುಡಾನ್, ಹೀಗೆ. ಅಮೆರಿಕಾ ಇಲ್ಲ, ಇಂಗ್ಲೆಂಡ್ ಇಲ್ಲ. ನಮ್ಮ ಜನ ಕೂಲಿಗೆ ಹೋಗುವ ದಿಕ್ಕು ಯಾವುದೋ ಆ ದಿಕ್ಕಿಗೇ ಗೇಟು.

ಹತ್ತು ಯಾರು ಪಾಸಾಗುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಾ? ನಮ್ಮ ನಮ್ಮ ಕೇರಿಯಲ್ಲಿ ನಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದವರ ಮುಖಗಳನ್ನು ಒಂದೊಂದಾಗಿ ನೆನೆಸಿಕೊಳ್ಳಿ. ಐದಕ್ಕೆ ಬಿಟ್ಟವರು ಎಷ್ಟು, ಏಳಕ್ಕೆ ಬಿಟ್ಟವರು ಎಷ್ಟು, ದೊಡ್ಡವಳಾದಳು ಅಂತ ಬಿಡಿಸಿದ ಹುಡುಗಿಯರು ಎಷ್ಟು. ಅವರೆಲ್ಲ ದಡ್ಡರಾ? ನಮಗೆ ಲೆಕ್ಕ ಹೇಳಿಕೊಟ್ಟವರು ಅವರಲ್ಲೇ ಇದ್ದರು.

ನನ್ನ ದೊಡ್ಡಪ್ಪನ ಮಗನೊಬ್ಬ ಗಾರೆ ಕೆಲಸದವನು. ನಮ್ಮ ಮನೆಯಲ್ಲಿ ಒಬ್ಬನಿಗೆ ಹಾಸ್ಟೆಲ್ ಸೀಟು ಸಿಕ್ಕಿತು, ಒಬ್ಬನಿಗೆ ಸಿಗಲಿಲ್ಲ. ಸಿಕ್ಕವನು ಬಿ.ಎ. ಮಾಡಿ ಪದ್ಯ ಬರೆದುಕೊಂಡು ಓಡಾಡ್ತಿದ್ದಾನೆ. ಸಿಗದವನು ಒಂಬತ್ತಕ್ಕೆ ಬಿಟ್ಟು ಕರಣೆ ಹಿಡಿದ. ಅವನ ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಟ್ಟವನು ನಾನೇ. ಅದರಲ್ಲಿ ಒಂದು ಪ್ರಶ್ನೆ ಬರುತ್ತೆ: ನೀವು ನಾನ್-ಇ.ಸಿ.ಆರ್. ವರ್ಗಕ್ಕೆ ಅರ್ಹರೇ? 'ಇಲ್ಲ' ಅಂತ ಗುರುತು ಹಾಕಿದೆ. ಪಕ್ಕದಲ್ಲಿ ಕೂತಿದ್ದ ಅಣ್ಣ ಕೇಳಿದ, 'ಏನ್ಲಾ ಅದು, ಜಾತಿ ಕೇಳ್ತಾವ್ರಾ?' 'ಇಲ್ಲ ಕಣಣ್ಣ, ಎಷ್ಟು ಓದಿದ್ದೀಯ ಅಂತ' ಅಂದೆ. 'ಎರಡೂ ಒಂದೇ ಅಲ್ವೇನ್ಲಾ' ಅಂದ. ಸಮಾಜಶಾಸ್ತ್ರದ ಮೇಷ್ಟ್ರು ಮೂರು ವರ್ಷ ಪಾಠ ಮಾಡಿದರೂ ನನಗೆ ಇಷ್ಟು ಚುಟುಕಾಗಿ ಹೇಳಿರಲಿಲ್ಲ.

ಸ್ಕೂಲಿಗೆ ಮೇಷ್ಟ್ರನ್ನು ಕಳಿಸದಿದ್ದದ್ದು ಯಾರು? ಸರ್ಕಾರ. ಹಾಸ್ಟೆಲಿಗೆ ಸಾಕಷ್ಟು ಸೀಟು ಕೊಡದಿದ್ದದ್ದು ಯಾರು? ಸರ್ಕಾರ. ಓದು ತಪ್ಪಿಹೋಯ್ತಲ್ಲಾ ಅಂತ ಆ ಹುಡುಗನ ಪುಸ್ತಕದ ಮೇಲೆ ಮುದ್ರೆ ಒತ್ತುವುದು ಯಾರು? ಅದೇ ಸರ್ಕಾರ! ತಪ್ಪು ಮಾಡಿದವನೇ ಹೊಡೆಸಿಕೊಂಡವನ ಕೈಗೆ ಬೇಡಿ ತೊಡಿಸಿ 'ನಿನ್ನ ಒಳ್ಳೇದಕ್ಕೇ ಕಣೋ' ಅಂದ ಹಾಗೆ.

ಇನ್ನು 'ರಕ್ಷಕ' ಅನ್ನುವ ಈ ಹುದ್ದೆಯ ಕುಲಗೋತ್ರ ಸ್ವಲ್ಪ ವಿಚಾರಿಸೋಣ. ಇದು ಸ್ವತಂತ್ರ ಭಾರತ ಹುಟ್ಟಿಸಿದ ಹೆಸರಲ್ಲ. ಬ್ರಿಟಿಷರದು. ಗುಲಾಮಗಿರಿ ನಿಂತ ಮೇಲೆ ಮಾರಿಷಸ್, ಟ್ರಿನಿಡಾಡ್, ನಟಾಲ್, ಫಿಜಿಯ ಕಬ್ಬಿನ ತೋಟಗಳಿಗೆ ಆಳು ಬೇಕಾದರು. 1834ರಿಂದ ಮುಂದೆ ಕಲ್ಕತ್ತೆ, ಮದರಾಸು ಬಂದರುಗಳಿಂದ ಲಕ್ಷಾಂತರ ಜನರನ್ನು ಐದೈದು ವರ್ಷದ ಕರಾರಿನ ಮೇಲೆ ಹಡಗಿಗೆ ತುಂಬಿದರು. ಆ ಬಂದರುಗಳಲ್ಲಿ ನಿಂತು 'ಈ ಕೂಲಿ ತನ್ನ ಇಷ್ಟದಿಂದಲೇ ಹೊರಟಿದ್ದಾನೆ' ಅಂತ ಸರ್ಟಿಫಿಕೇಟು ಕೊಡುತ್ತಿದ್ದ ಅಧಿಕಾರಿಯ ಹೆಸರೇ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್. ರಕ್ಷಕ ಇದ್ದ, ಹೆಬ್ಬೆಟ್ಟು ಇತ್ತು, ಹಡಗೂ ಹೊರಡುತ್ತಿತ್ತು. ಆ ಕರಾರು ಕೂಲಿ ಪದ್ಧತಿ 1917ರಲ್ಲಿ ನಿಂತಿತು. ಹುದ್ದೆಯ ಹೆಸರು ನಿಲ್ಲಲಿಲ್ಲ. 1922ರ ಕಾಯ್ದೆಯಲ್ಲಿ ಉಳಿಯಿತು, 1983ರ ಕಾಯ್ದೆಗೂ ಬಂತು.

ಸ್ವಾತಂತ್ರ್ಯ ಬಂದ ಮೇಲಾದರೂ? 1950ರ ದಶಕದಲ್ಲಿ ನಮ್ಮ ಸರ್ಕಾರ ಬಡವರಿಗೆ, ಇಂಗ್ಲಿಷ್ ಬಾರದವರಿಗೆ, ಕೂಲಿ ವರ್ಗದವರಿಗೆ ಇಂಗ್ಲೆಂಡಿಗೆ ಹೋಗಲು ಪಾಸ್‌ಪೋರ್ಟನ್ನೇ ಕೊಡದೆ ಸತಾಯಿಸುತ್ತಿತ್ತು. ಇಂಥವರು ಹೋದರೆ ವಿಲಾಯತಿಯಲ್ಲಿ ಭಾರತದ ಮರ್ಯಾದೆ ಏನಾದೀತು ಅನ್ನುವ ಚಿಂತೆ! ಕೊಡೋದು ಬಿಡೋದು ಸಾಹೇಬರ ಮರ್ಜಿ. 1967ರಲ್ಲಿ ಸತವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿ ಸುಪ್ರೀಂ ಕೋರ್ಟಿಗೆ ಹೋಗಿ, ಹೊರದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೇ ವಿಧಿ ಕೊಟ್ಟ ಸ್ವಾತಂತ್ರ್ಯದಲ್ಲೇ ಸೇರಿದೆ ಎಂದು ತೀರ್ಪು ಪಡೆದ. ಆಮೇಲೆಯೇ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು. ಗಮನಿಸಿ, ಕೋರ್ಟಿನ ಮೆಟ್ಟಿಲು ಹತ್ತಿದವನು ವ್ಯಾಪಾರಿ. ಕೂಲಿಯವನಿಗೆ ಆ ಮೆಟ್ಟಿಲಿನ ದಾರಿಯೂ ಗೊತ್ತಿರಲಿಲ್ಲ. (ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ ಹೊರಟಾಗ ಇಲ್ಲಿಂದ ಹೋಗುವವರಿಗೆ ಪಾಸ್‌ಪೋರ್ಟ್ ಕಡ್ಡಾಯ ಇರಲಿಲ್ಲ. ಅದು ಕಡ್ಡಾಯವಾದದ್ದು ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ. ಒಂದೊಂದು ಸಲ ಹಾಗೇ ಯೋಚನೆ ಬರುತ್ತೆ, ಅವರು ಸಾಹೇಬರ ಮರ್ಜಿ ಕಾಯಬೇಕಿದ್ದರೆ ಏನಾಗುತ್ತಿತ್ತೋ ಅಂತ.)

ಹೋಗಲಿ, ಹೆಸರು ಹಳೆಯದಾದರೂ ಕೆಲಸ ಒಳ್ಳೆಯದು ಮಾಡ್ತಾರಾ? ಅದನ್ನು ನೋಡೋಣ.

1983ರ ಕಾಯ್ದೆಯಲ್ಲಿ ಒಳ್ಳೆಯದು ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಏಜೆಂಟನಿಗೆ ಲೈಸೆನ್ಸ್ ಬೇಕು ಅಂತಿದೆ. ದೊಡ್ಡ ಏಜೆಂಟು 50 ಲಕ್ಷದ ಬ್ಯಾಂಕ್ ಗ್ಯಾರಂಟಿ ಇಡಬೇಕು. ಕೆಲಸಗಾರನಿಂದ 30 ಸಾವಿರ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಹೊರಡುವವನಿಗೆ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ. ಇವೆಲ್ಲ ಕಾಗದದ ಮೇಲೆ ಬಹಳ ಚೆನ್ನಾಗಿವೆ.

ಆದರೆ ನಿಜವಾಗಿ ಆಗೋದೇನು? ಲೈಸೆನ್ಸ್ ಇರುವ ಏಜೆಂಟು ಕೂತಿರುವುದು ಮುಂಬಯಿಯಲ್ಲೋ ದಿಲ್ಲಿಯಲ್ಲೋ. ಅವನು ನಮ್ಮ ಹಳ್ಳಿಗೆ ಬರೋದಿಲ್ಲ. ಬರುವವನು ಅವನ ಕೈಕೆಳಗಿನವನ ಕೈಕೆಳಗಿನವನು. ಅವನಿಗೆ ಲೈಸೆನ್ಸಿಲ್ಲ, ಬೋರ್ಡಿಲ್ಲ, ರಸೀದಿಯಿಲ್ಲ, ಇರುವುದು ಒಂದು ಮೊಬೈಲ್ ನಂಬರು. ಮೂವತ್ತು ಸಾವಿರದ ಮಾತು ಅವನ ಹತ್ತಿರ ಎತ್ತಿದರೆ ನಗುತ್ತಾನೆ. ಲಕ್ಷ, ಒಂದೂವರೆ ಲಕ್ಷ ಅಂತ ಶುರು ಮಾಡುತ್ತಾನೆ. ಅದಕ್ಕೆ ಅರ್ಧ ಎಕರೆ ಹೋಗುತ್ತೆ, ಇಲ್ಲವೇ ತಾಳಿ ಹೋಗುತ್ತೆ. ಆಮೇಲೆ ಅವನು ಹೇಳುವ ಉಪಾಯ ಏನು ಗೊತ್ತಾ? 'ನಿಂದು ಇ.ಸಿ.ಆರ್. ಪಾಸ್‌ಪೋರ್ಟು, ಅಪ್ಪಣೆ ತಗೊಳ್ಳೋದು ಲೇಟಾಗುತ್ತೆ. ವಿಸಿಟ್ ವೀಸಾದಲ್ಲಿ ಕಳಿಸ್ತೀನಿ.' ಯಾಕೆಂದರೆ ನೋಡಿಕೊಂಡು ಬರೋಕೆ ಹೋಗುವವನಿಗೆ ರಕ್ಷಕನ ಅಪ್ಪಣೆ ಬೇಕಾಗಿಲ್ಲ, ಕೆಲಸಕ್ಕೆ ಹೋಗುವವನಿಗೆ ಮಾತ್ರ ಬೇಕು. ಹೀಗೆ ಕೈಯಲ್ಲಿ ರಿಟರ್ನ್ ಟಿಕೆಟ್ ಹಿಡಿದು, ಕೌಂಟರಿನಲ್ಲಿ 'ಟೂರು' ಅಂತ ಬಾಯಿಪಾಠ ಒಪ್ಪಿಸಿ ಹೋದವನು ಅಲ್ಲಿ ಇಳಿದ ಮೇಲೆ ಯಾವ ಲೆಕ್ಕಕ್ಕೂ ಸಿಗದವನಾಗುತ್ತಾನೆ. ಅಗ್ರಿಮೆಂಟಿಲ್ಲ, ವಿಮೆಯಿಲ್ಲ, ಅಲ್ಲಿಯ ಕಾನೂನಿನ ಕಣ್ಣಲ್ಲಿ ಕೆಲಸಗಾರನೂ ಅಲ್ಲ. ರಕ್ಷಣೆಗೆಂದು ಹಾಕಿದ ಮುದ್ರೆಯೇ ಅವನನ್ನು ಕಳ್ಳದಾರಿಗೆ ತಳ್ಳಿತು.

ಅವನು ಸಿಕ್ಕಿಬಿದ್ದರೆ? 24ನೇ ಕಲಮು ತೆಗೆದು ಓದಿ. ಲೈಸೆನ್ಸಿಲ್ಲದ ಏಜೆಂಟನಿಗೆ ಎರಡು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಅದೇ ಕಲಮಿನಲ್ಲಿ ಏಜೆಂಟನಿಗಿಂತ ಮೊದಲು ಬರೆದಿರುವುದು ಯಾರನ್ನು ಅಂದರೆ, ಅಪ್ಪಣೆಯಿಲ್ಲದೆ ಹೊರಟ ಕೂಲಿಯವನನ್ನು! ಮೋಸ ಮಾಡಿದವನೂ ಮೋಸ ಹೋದವನೂ ಒಂದೇ ಕಲಮಿನಲ್ಲಿ, ಒಂದೇ ಶಿಕ್ಷೆಯಲ್ಲಿ. ಇನ್ನು ದಂಡ, ಎರಡು ಸಾವಿರ. ಏಜೆಂಟನಿಗೆ ಅದು ಒಂದು ರಾತ್ರಿ ಪಾರ್ಟಿಯ ಖರ್ಚು.

ಅಲ್ಲಿಗೆ ಹೋದ ಮೇಲಿನ ಕತೆ ಕಫಾಲ ಪದ್ಧತಿಯದು. ಒಡೆಯನ ಹೆಸರಿಗೆ ಆಳಿನ ವೀಸಾ ಕಟ್ಟಿರುತ್ತೆ. ಕೆಲವು ದೇಶಗಳು ಈಚೆಗೆ ಅದನ್ನು ಸಡಿಲ ಮಾಡಿವೆ, ಕತಾರ್ 2020ರಲ್ಲಿ ಕೆಲಸ ಬದಲಿಸಲು ಒಡೆಯನ ಒಪ್ಪಿಗೆ ಬೇಡ ಎಂದಿತು. ಆದರೆ ಇಳಿದ ದಿನವೇ ಪಾಸ್‌ಪೋರ್ಟು ಇಸಿದುಕೊಂಡು ಬೀರುವಿನಲ್ಲಿ ಇಡುವ ಒಡೆಯರು ಇನ್ನೂ ಇದ್ದಾರೆ. ಹಾಗೆ ಇಟ್ಟುಕೊಳ್ಳುವುದು ಸೌದಿ, ಕತಾರ್, ಎಮಿರೇಟ್ಸುಗಳ ಕಾನೂನಿನಲ್ಲೂ ತಪ್ಪೇ. ಇನ್ನೊಂದು ತಮಾಷೆ ಕೇಳಿ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟು ನಮ್ಮದಲ್ಲ, ಕೇಂದ್ರ ಸರ್ಕಾರದ ಆಸ್ತಿ. ಹಾಗಾದರೆ ಸರ್ಕಾರದ ಆಸ್ತಿಯನ್ನು ಯಾರೋ ಒಬ್ಬ ಕಂತ್ರಾಟುದಾರ ಬೀಗ ಹಾಕಿ ಇಟ್ಟುಕೊಂಡಿದ್ದಾನೆ. ನಮ್ಮವನು ಗೌಡರ ಗೋಮಾಳದಲ್ಲಿ ಒಂದು ಸೌದೆ ಕಡಿದರೆ ಸರ್ಕಾರಿ ಆಸ್ತಿ ಅಂತ ಕೇಸು ಹಾಕುವವರಿಗೆ ಈ ಆಸ್ತಿ ಕಣ್ಣಿಗೆ ಬೀಳೋದಿಲ್ಲ. ಜೀತದ ಆಳು ಊರು ಬಿಡಬೇಕಾದರೆ ಗೌಡನನ್ನು ಕೇಳಬೇಕಿತ್ತು. 1976ರಲ್ಲಿ ಜೀತ ನಿಷೇಧವಾಯಿತು. ಈಗ ಹೋಗುವಾಗ ದಿಲ್ಲಿಯನ್ನು ಕೇಳಬೇಕು, ಬರುವಾಗ ಅಲ್ಲಿಯ ಒಡೆಯನನ್ನು ಕೇಳಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇವರ ರಕ್ಷಣೆ ಇನ್ನೂ ಜಾಸ್ತಿ. ಇ.ಸಿ.ಆರ್. ಮುದ್ರೆ ಇರುವ, ಮೂವತ್ತು ತುಂಬದ ಹೆಂಗಸಿಗೆ ಆ ದೇಶಗಳಿಗೆ ಕೆಲಸಕ್ಕೆ ಹೋಗಲು ಅಪ್ಪಣೆಯೇ ಕೊಡುವುದಿಲ್ಲ ಅಂತ ನಿಯಮ ಮಾಡಿದರು. ಅದೇ ವಯಸ್ಸಿನ ಡಿಗ್ರಿ ಓದಿದವಳು ಹೋಗಬಹುದು. ಮನುವಿನ ಹಳೆಯ ಮಾತೇ, ಹೊಸ ಟೈಪಿನಲ್ಲಿ: ಕಾಯಬೇಕಾದವಳು, ಬಿಡಬಾರದವಳು. ನಿಯಮ ಮಾಡಿದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗುತ್ತಾ? ಅವರು ನೇಪಾಳ ಸುತ್ತಿಕೊಂಡು ಹೋದರು, ವಿಸಿಟ್ ವೀಸಾದಲ್ಲಿ ಹೋದರು. ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಬರಲಿಲ್ಲ.

2018ರ ಜನವರಿಯಲ್ಲಿ ಏನಾಯಿತು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ. ವಿದೇಶಾಂಗ ಇಲಾಖೆ ಒಂದು ಪ್ರಕಟಣೆ ಕೊಟ್ಟಿತು. ಇನ್ನು ಮೇಲೆ ಪಾಸ್‌ಪೋರ್ಟಿನ ಕೊನೆಯ ಪುಟ ಅಚ್ಚು ಮಾಡುವುದಿಲ್ಲ. ಇ.ಸಿ.ಆರ್. ಮುದ್ರೆ ಇದ್ದದ್ದು ಆ ಪುಟದಲ್ಲೇ. ಹಾಗಾಗಿ ಇ.ಸಿ.ಆರ್. ಜನಕ್ಕೆ ಬೇರೆ ಬಣ್ಣದ ರಟ್ಟು, ಕಿತ್ತಳೆ ಬಣ್ಣದ್ದು. ಒಳಗಿದ್ದ ಗುರುತನ್ನು ಹೊರಗೆ ತಂದು, ಏರ್‌ಪೋರ್ಟಿನಲ್ಲಿ ದೂರದಿಂದಲೇ ಕಾಣುವ ಹಾಗೆ ಮಾಡಿದರು. ಕುತ್ತಿಗೆಗೆ ಮಡಕೆ, ಬೆನ್ನಿಗೆ ಪೊರಕೆ ಕಟ್ಟಿಸುತ್ತಿದ್ದವರ ಮೊಮ್ಮಕ್ಕಳಿಗೆ ಇಂಥ ಯೋಚನೆ ಎಷ್ಟು ಸಲೀಸಾಗಿ ಹೊಳೆಯುತ್ತೆ ನೋಡಿ! ಯಾರೋ ಕೂತು ಬಣ್ಣ ಆರಿಸಿರಬೇಕಲ್ಲ, ಫೈಲು ಮೇಜಿನಿಂದ ಮೇಜಿಗೆ ಹೋಗಿರಬೇಕಲ್ಲ, ಒಬ್ಬನಿಗಾದರೂ ನಾಚಿಕೆ ಆಗಲಿಲ್ಲವಾ? ಕೇರಳದಲ್ಲಿ ಗದ್ದಲ ಎದ್ದಿತು, ಹೈಕೋರ್ಟಿಗೆ ಅರ್ಜಿ ಬಿತ್ತು. ಅದೇ ತಿಂಗಳ 30ಕ್ಕೆ ಸರ್ಕಾರ ಆ ಯೋಚನೆ ಕೈಬಿಟ್ಟಿತು. ಕಿತ್ತಳೆ ಹೋಯಿತು. ಮುದ್ರೆ ಉಳಿಯಿತು. ಬಣ್ಣಕ್ಕೆ ಕೂಗಿದವರು ಮುದ್ರೆಗೆ ಕೂಗಲಿಲ್ಲ.

ಇನ್ನು ನಮ್ಮ ಹಕ್ಕಿಪಿಕ್ಕಿಗಳು. ಕಾಡಿನಲ್ಲಿ ಹಕ್ಕಿ ಹಿಡಿದು ಬದುಕುತ್ತಿದ್ದ ಜನ. 1972ರ ವನ್ಯಜೀವಿ ಕಾಯ್ದೆ ಆ ಬದುಕನ್ನು ಅಪರಾಧ ಮಾಡಿತು. ಆಮೇಲೆ ಗಿಡಮೂಲಿಕೆ, ಎಣ್ಣೆ ಮಾರುತ್ತಾ ಊರೂರು ತಿರುಗಿದರು, ಹಾಗೇ ತಿರುಗುತ್ತಾ ಆಫ್ರಿಕಾದವರೆಗೂ ಹೋದರು. ಯಾವ ಯೂನಿವರ್ಸಿಟಿಯೂ ಇವರಿಗೆ ವ್ಯಾಪಾರ ಕಲಿಸಲಿಲ್ಲ, ಯಾವ ರಾಯಭಾರ ಕಚೇರಿಯೂ ದಾರಿ ತೋರಿಸಲಿಲ್ಲ. ಇಂಥ ಧೈರ್ಯ ನಮ್ಮ ಡಿಗ್ರಿಯವರಲ್ಲಿ ಎಷ್ಟು ಜನಕ್ಕಿದೆ? 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಹತ್ತಿದಾಗ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿದ್ದಾರೆ, ಅನ್ನವಿಲ್ಲದೆ ಕೂತಿದ್ದಾರೆ ಎಂದು ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು. ವಿದೇಶಾಂಗ ಮಂತ್ರಿ ಜೈಶಂಕರ್ ಅವರಿಗೆ ಸಿಟ್ಟು ಬಂತು, ಇದರಲ್ಲಿ ರಾಜಕೀಯ ಮಾಡಬೇಡಿ ಎಂದರು. ಚುನಾವಣೆಯ ಕಾಲ, ಇಬ್ಬರ ಮಾತೂ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತು. ಆಮೇಲೆ 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದರು. ಕರೆತಂದದ್ದು ಒಳ್ಳೆಯದೇ. ನನ್ನ ಪ್ರಶ್ನೆ ಬೇರೆ. ಸುಡಾನ್ ಆ 18 ದೇಶಗಳ ಪಟ್ಟಿಯಲ್ಲಿದೆ. ಹೊರಡುವವನನ್ನು ತಡೆಯೋಕೆ ಪಟ್ಟಿ ಇದೆ. ಹೋಗಿ ಸಿಕ್ಕಿಕೊಂಡವನಿಗೆ ಯಾಕೆ ಟ್ವೀಟೇ ಗತಿಯಾಗಬೇಕು?

ಕುವೈತಿನ ಮಂಗಾಫಿನಲ್ಲಿ 2024ರ ಜೂನ್ 12ರ ಬೆಳಗಿನ ಜಾವ ಕೂಲಿಗಳನ್ನು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಐವತ್ತರ ಹತ್ತಿರ ಜನ ಸತ್ತರು. ನಮ್ಮ ದೇಶದ 45 ಹೆಣಗಳು ವಾಯುಪಡೆಯ ವಿಮಾನದಲ್ಲಿ ಬಂದವು. ಕರ್ನಾಟಕದವನೂ ಒಬ್ಬನಿದ್ದ. ಹೋಗುವಾಗ ಪಾಸ್‌ಪೋರ್ಟು ತಿರುವಿ ತಿರುವಿ ನೋಡುವವರು, ಆ ಕಟ್ಟಡದಲ್ಲಿ ಎಷ್ಟು ಜನ ಮಲಗುತ್ತಾರೆ, ಮೆಟ್ಟಿಲು ಎಷ್ಟಿದೆ ಅಂತ ಯಾವತ್ತಾದರೂ ನೋಡಿದ್ದರಾ?

ಕೆಲವು ಗೆಳೆಯರು ಕೇಳ್ತಾರೆ, ಮುದ್ರೆ ತೆಗೆದುಬಿಟ್ಟರೆ ಇರುವ ವಿಮೆಯೂ ಹೋಗುತ್ತಲ್ಲಪ್ಪಾ, ಇರುವ ಒಂದು ತಡೆಯೂ ಹೋಗುತ್ತಲ್ಲ ಅಂತ. ಒಳ್ಳೆಯ ಪ್ರಶ್ನೆ. ವಿಮೆ ಇರಲಿ, ಕೂಲಿಗೆ ಹೋಗುವ ಎಲ್ಲರಿಗೂ ಇರಲಿ, ಪಿ.ಯು.ಸಿ. ಓದಿ ಟೈಲ್ಸ್ ಹಾಕೋಕೆ ಹೋಗುವವನಿಗೂ ಇರಲಿ. ತಪಾಸಣೆಯೂ ಇರಲಿ. ಆದರೆ ತಪಾಸಣೆ ಮಾಡಬೇಕಾದ್ದು ಏಜೆಂಟನನ್ನು, ಅಗ್ರಿಮೆಂಟನ್ನು, ಒಡೆಯನನ್ನು, ಮಲಗುವ ಕೋಣೆಯನ್ನು. ಮನುಷ್ಯನ ಮೈಮೇಲೆ ಬರೆ ಎಳೆದು ಅದನ್ನು ಕಾವಲು ಅನ್ನಬೇಡಿ. 2019ರಲ್ಲಿ, 2021ರಲ್ಲಿ, ಮತ್ತೆ 2025ರಲ್ಲಿ ಈ ಕಾಯ್ದೆ ಬದಲಿಸುವ ಕರಡುಗಳನ್ನು ಸರ್ಕಾರ ಹೊರಗೆ ಬಿಟ್ಟು ಜನರ ಅಭಿಪ್ರಾಯ ಕೇಳಿತು. ಜನರ ಅಭಿಪ್ರಾಯ ಅಂದರೆ ಇಂಗ್ಲಿಷಿನಲ್ಲಿ, ಈ-ಮೇಲಿನಲ್ಲಿ. ನನ್ನ ಅಣ್ಣನಂಥವರನ್ನು ಯಾರೂ ಕೇಳಲಿಲ್ಲ. ನಾವು ಇಂಗ್ಲಿಷ್ ಕಲಿತದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ. ಮುಂದಿನ ಸಲ ಅಭಿಪ್ರಾಯ ಕೇಳಿದಾಗ ಒಂದೊಂದು ಹಾಸ್ಟೆಲಿನಿಂದ ಒಂದೊಂದು ಕಾಗದ ಹೋಗಬೇಕು.

ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಇದೆ. ರಜೆಗೆ ಊರಿಗೆ ಹೋದಾಗ ಯಾರಾದರೂ ಗಲ್ಫಿಗೆ ಹೊರಟಿದ್ದಾರೆ ಅಂತ ಗೊತ್ತಾದರೆ ಹೋಗಿ ಕೂತುಕೊಳ್ಳಿ. ಏಜೆಂಟನ ಲೈಸೆನ್ಸ್ ನಂಬರು ಕೇಳಿ, ವಿದೇಶಾಂಗ ಇಲಾಖೆಯ 'ಇ-ಮೈಗ್ರೇಟ್' ತಾಣದಲ್ಲಿ ಅದು ಇದೆಯಾ ಅಂತ ನಿಮ್ಮ ಮೊಬೈಲಿನಲ್ಲೇ ನೋಡಿ. ವೀಸಾ ಕಾಗದದಲ್ಲಿ 'ವಿಸಿಟ್' ಅಂತಿದ್ದರೆ ಅಲ್ಲೇ ನಿಲ್ಲಿಸಿ. ದುಡ್ಡು ಕೈಗೆ ಕೊಡಬೇಡಿ ಅನ್ನಿ, ಬ್ಯಾಂಕಿನಲ್ಲೇ ಹೋಗಲಿ. ಇನ್ನೊಂದು ಮುಖ್ಯವಾದ ವಿಷಯ. ಈ ಕಾಯ್ದೆಯಲ್ಲಿ ಏಜೆಂಟನ ಮೇಲೆ ಕೇಸು ನಡೆಸಬೇಕಾದರೆ ಕೇಂದ್ರ ಸರ್ಕಾರದ ಮಂಜೂರಾತಿ ಬೇಕು, ಅದಕ್ಕೇ ಎಷ್ಟೋ ಕೇಸು ಕೊಳೆಯುತ್ತವೆ, ಪೊಲೀಸರೂ ಅದನ್ನೇ ನೆಪ ಹೇಳಿ ವಾಪಸು ಕಳಿಸುತ್ತಾರೆ. ಆದರೆ 27ನೇ ಕಲಮಿನಲ್ಲೇ ಒಂದು ಕಿಂಡಿ ಇದೆ. ಮೋಸ ಹೋದವನೇ ದೂರು ಕೊಟ್ಟರೆ, ಅಥವಾ ಅವನ ಪರವಾಗಿ ಅಪ್ಪ, ಅಮ್ಮ, ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಯಾರೇ ಕೊಟ್ಟರೂ ಆ ಮಂಜೂರಾತಿ ಬೇಕಾಗಿಲ್ಲ. ಆ ತಮ್ಮ, ಆ ಮಗಳು ನೀವೇ. ಸ್ಟೇಷನ್ನಿಗೆ ಹೋಗುವಾಗ ಕಲಮಿನ ನಂಬರು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಾಸ್‌ಪೋರ್ಟು, ವೀಸಾ, ಅಗ್ರಿಮೆಂಟು, ಟಿಕೆಟ್ಟು, ನಾಲ್ಕರದೂ ಜೆರಾಕ್ಸ್ ಅವನು ಹೊರಡುವ ಮುಂಚೆಯೇ ಮಾಡಿಸಿ ಮನೆಯ ಟ್ರಂಕಿನಲ್ಲಿ ಇಡಿ.